ಹಳೆ ಪೊಲರಾಯ್ಡ್ ಮತ್ತು ನಮ್ಮ ಕರಾವಳಿಯ ಸೆಖೆ

ಉಡುಪಿಯ ರಥಬೀದಿಯ ಹತ್ತಿರ ನಮ್ಮದೊಂದು ಸಣ್ಣ ಫ್ರೇಮ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ದೇವರ ಪಟ, ಮದುವೆ ಫೋಟೊ, ತೀರಿಕೊಂಡ ಹಿರಿಯರ ಫೋಟೊಗಳಿಗೆ ಕಟ್ಟು ಹಾಕಿಸಲು ಜನ ಬರುತ್ತಾರೆ. ಅವರಲ್ಲಿ ಆಗಾಗ ಯಾರಾದರೂ ಚೀಲದಿಂದ ಹಳೆ ಪೊಲರಾಯ್ಡ್ ಕ್ಯಾಮೆರಾ, ಅಂದರೆ ಗುಂಡಿ ಒತ್ತಿದ ಕೂಡಲೇ ಫೋಟೊ ಹಾಳೆ ಹೊರಬರುವಂಥದ್ದನ್ನು, ತೆಗೆದು ಮೇಜಿನ ಮೇಲೆ ಇಡುತ್ತಾರೆ. "ಅಕ್ಕ, ಇದಕ್ಕೆ ಈಗ ರೀಲ್ ಸಿಗುತ್ತದಾ?" ಅಂತ ಕೇಳುತ್ತಾರೆ. ನಮ್ಮ ಕಡೆ ಇದರಲ್ಲಿ ಆಶ್ಚರ್ಯವಿಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ದುಬೈ, ಕುವೈತ್, ಮಸ್ಕತ್‌ನಿಂದ ರಜೆಗೆ ಬಂದವರು ಟೇಪ್ ರೆಕಾರ್ಡರ್, ಸೆಂಟಿನ ಬಾಟಲಿಗಳ ಜೊತೆ ಇದನ್ನೂ ತಂದವರೇ. ನನ್ನ ಸೋದರಮಾವ ಬಹರೈನ್‌ನಿಂದ ತಂದದ್ದು ಈಗ ನನ್ನ ಹತ್ತಿರ ಇದೆ.

ಅವರಿಗೆಲ್ಲ ಹೇಳುವ ಉತ್ತರ ಒಂದೇ. ರೀಲ್ ಸಿಗುತ್ತದೆ. ಫೋಟೊವೂ ಚೆನ್ನಾಗಿ ಬರುತ್ತದೆ. ಆದರೆ ಡಬ್ಬದ ಮೇಲೆ ಬರೆದ ಸೂಚನೆಯನ್ನು ಮಾತ್ರ ನಂಬಿ ಹೊರಟರೆ ಸಾಲದು. ಈ ಫಿಲ್ಮ್ 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಪೊಲರಾಯ್ಡ್ ಕಂಪನಿಯೇ ಹೇಳುತ್ತದೆ. ಉಡುಪಿ, ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ದಿನ ಬೆಳಗ್ಗೆ ಹತ್ತು ಗಂಟೆಗೇ 28 ದಾಟಿರುತ್ತದೆ. ಹಾಗಾಗಿ ನಾವು ಮೊದಲು ಕಲಿಯಬೇಕಾದ್ದು ಸೆಖೆಯನ್ನು ಸಂಭಾಳಿಸುವುದು. ಬೆಳಕು, ಫ್ರೇಮಿಂಗ್ ಎಲ್ಲ ಆಮೇಲಿನ ಮಾತು.

ನಿಮ್ಮ ಕೈಯಲ್ಲಿರುವುದು ಯಾವ ಕ್ಯಾಮೆರಾ?

ಫಿಲ್ಮ್ ಕೊಳ್ಳುವ ಮೊದಲು ಇದು ಗೊತ್ತಾಗಲೇಬೇಕು. ನಮ್ಮ ಕಡೆಯ ಕಪಾಟುಗಳಲ್ಲಿ ಜಾಸ್ತಿ ಸಿಗುವುದು ಪ್ಲಾಸ್ಟಿಕ್ಕಿನ ಡಬ್ಬದಂಥ ಕ್ಯಾಮೆರಾ. ಮೇಲಿನ ಫ್ಲ್ಯಾಶ್ ಎತ್ತಿದರೆ ತೆರೆದುಕೊಳ್ಳುತ್ತದೆ. ಇದು 600 ಜಾತಿಯದು. 1981ರಲ್ಲಿ ಈ ಫಿಲ್ಮ್ ಬಂತು, ಅದರ ಕ್ಯಾಮೆರಾಗಳು ಹತ್ತಾರು ಹೆಸರಿನಲ್ಲಿ ಬಂದವು. ಇದಕ್ಕೆ 600 ಫಿಲ್ಮ್ ಹಾಕಬೇಕು.

ಇನ್ನೊಂದು ಜಾತಿ ಎಸ್‌ಎಕ್ಸ್-70. 1972ರಲ್ಲಿ ಬಂದದ್ದು. ಮಡಚಿದರೆ ಚಪ್ಪಟೆ, ಎಳೆದರೆ ಪೂರ್ತಿ ಕ್ಯಾಮೆರಾ. ಲೋಹದಂತೆ ಹೊಳೆಯುವ ಮೈ, ಮೇಲೆ ಚರ್ಮ. ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡಬಹುದು, ಸುಮಾರು 26 ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ತೆಗೆಯಬಹುದು. ಇದಕ್ಕೆ ಎಸ್‌ಎಕ್ಸ್-70 ಫಿಲ್ಮೇ ಬೇಕು. ಎರಡೂ ನೋಡಲು ಒಂದೇ ಅಳತೆ. ಬೆಳಕಿನ ಹಸಿವು ಬೇರೆ. ಎಸ್‌ಎಕ್ಸ್-70 ಫಿಲ್ಮಿನ ಐಎಸ್‌ಒ, ಅಂದರೆ ಬೆಳಕನ್ನು ಹಿಡಿಯುವ ವೇಗ, ಸುಮಾರು 160, 600 ಫಿಲ್ಮಿನದು 640. ಅಂದರೆ ನಾಲ್ಕು ಪಟ್ಟು. 600 ಫಿಲ್ಮನ್ನು ಎಸ್‌ಎಕ್ಸ್-70ಗೆ ಸುಮ್ನೆ ಹಾಕಿದರೆ ಚಿತ್ರ ಬೆಳ್ಳಗೆ ಸುಟ್ಟು ಬರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು. ನಮ್ಮ ಸುಡು ಬಿಸಿಲಿಗೆ ಎಸ್‌ಎಕ್ಸ್-70 ಫಿಲ್ಮ್ ಒಳ್ಳೆಯ ಜೋಡಿ. ಚಾವಡಿಯ ಒಳಗೆ, ಹೆಂಚಿನ ಮಾಡಿನ ಕೆಳಗೆ ತೆಗೆಯುವವರಿಗೆ 600 ವಾಸಿ.

ಅಂಗಡಿಯಲ್ಲಿ ಐ-ಟೈಪ್ ಎಂದು ಬರೆದ ಪ್ಯಾಕೂ ಇರುತ್ತದೆ, ಬೆಲೆ ಸ್ವಲ್ಪ ಕಮ್ಮಿ. ಅದನ್ನು ಹಳೆ ಕ್ಯಾಮೆರಾಗೆ ತರಬೇಡಿ. ಹಳೆ ಕ್ಯಾಮೆರಾದೊಳಗೆ ಬ್ಯಾಟರಿ ಇರುವುದಿಲ್ಲ. 600 ಮತ್ತು ಎಸ್‌ಎಕ್ಸ್-70 ಪ್ಯಾಕಿನ ತಳದಲ್ಲೇ ಒಂದು ಚಪ್ಪಟೆ 6 ವೋಲ್ಟಿನ ಬ್ಯಾಟರಿ ಕೂತಿರುತ್ತದೆ. ಮೋಟರು, ಶಟರು, ಫ್ಲ್ಯಾಶು ಎಲ್ಲ ಅದರಿಂದಲೇ ನಡೆಯಬೇಕು. ಐ-ಟೈಪ್ ಪ್ಯಾಕಿನಲ್ಲಿ ಆ ಬ್ಯಾಟರಿ ಇಲ್ಲ. ಹಾಕಿದರೆ ಕ್ಯಾಮೆರಾ ಮಿಸುಕಾಡುವುದೂ ಇಲ್ಲ.

ಪಕ್ಕದಿಂದ ಕಾಗದ ಕೈಯಲ್ಲಿ ಎಳೆದು, ಆಮೇಲೆ ಸಿಪ್ಪೆ ಸುಲಿಯುವ ಬಗೆಯ ಲ್ಯಾಂಡ್ ಕ್ಯಾಮೆರಾ ಸಿಕ್ಕಿದರೆ ಅದನ್ನು ಷೋಕೇಸಿನಲ್ಲಿ ಇಡಿ. ಅದಕ್ಕೆ ಹೊಂದುತ್ತಿದ್ದ ಫ್ಯೂಜಿಯ ಎಫ್‌ಪಿ-100ಸಿ ಫಿಲ್ಮ್ ತಯಾರಿಕೆಯನ್ನು 2016ರಲ್ಲಿ ನಿಲ್ಲಿಸಿದರು. ಉಳಿದಿರುವ ಹಳೆ ಪ್ಯಾಕುಗಳಿಗೆ ಕೇಳುವ ಬೆಲೆ ಕೊಡುವಷ್ಟು ಅದು ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪೊಲರಾಯ್ಡ್ ಫಿಲ್ಮ್ ಹೇಗೆ ಉಳಿಯಿತು? ಕಂಪನಿ 2008ರಲ್ಲಿ ಫಿಲ್ಮ್ ಮಾಡುವುದನ್ನೇ ಬಿಡುತ್ತೇವೆ ಎಂದಿತು. ಆಗ ನೆದರ್ಲೆಂಡ್ಸ್‌ನ ಎನ್‌ಸ್ಕೆಡೆ ಊರಿನ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಸೇರಿ ಉಳಿಸಿಕೊಂಡರು. ಇಂಪಾಸಿಬಲ್ ಪ್ರಾಜೆಕ್ಟ್ ಎಂದು ಹೆಸರಿಟ್ಟರು. ಯಂತ್ರ ಸಿಕ್ಕಿತು, ಹಳೆಯ ರಾಸಾಯನಿಕಗಳು ಸಿಗಲಿಲ್ಲ. ಹಾಳೆಯೊಳಗೆ ಚಿತ್ರ ಮೂಡಿಸುವ ಪೇಸ್ಟನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು. 2010ರಲ್ಲಿ ಅವರ ಫಿಲ್ಮ್ ಮಾರುಕಟ್ಟೆಗೆ ಬಂತು. ಈಗ ಪೊಲರಾಯ್ಡ್ ಹೆಸರೂ ಅವರ ಹತ್ತಿರವೇ ಇದೆ. ಈ ಕತೆ ಯಾಕೆ ಹೇಳಿದೆ ಅಂದರೆ, ನಮ್ಮ ಮಾವಂದಿರ ಕಾಲದ ಫಿಲ್ಮು ಮತ್ತು ಇಂದಿನ ಫಿಲ್ಮು ಒಂದೇ ಅಲ್ಲ. ಅವರು ಬಿಸಿಲಲ್ಲೇ ನಿಂತು ಚಿತ್ರ ಮೂಡುವುದನ್ನು ನೋಡುತ್ತಿದ್ದರು. ಈಗಿನದಕ್ಕೆ ಅಷ್ಟು ಧೈರ್ಯ ಇಲ್ಲ. ಪ್ಯಾಕಿನಲ್ಲಿ ಮೊದಲು 10 ಹಾಳೆ ಇರುತ್ತಿತ್ತು, ಈಗ 8. ಹಾಗಾಗಿ ಹತ್ತರಿಂದ ಕೆಳಗೆ ಎಣಿಸುವ ಹಳೆ ಕ್ಯಾಮೆರಾದ ಕೌಂಟರ್ ಫಿಲ್ಮ್ ಮುಗಿದಾಗಲೂ 2 ಎಂದೇ ತೋರಿಸುತ್ತದೆ. ಇನ್ನೆರಡು ಹಾಳೆ ಬಾಕಿ ಇದೆ ಎಂದು ಕಾಯಬೇಡಿ.

ಫಿಲ್ಮ್ ಹಾಕುವ ಮೊದಲು

ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಮೆರಾಗೆ ಹೊಸ ಪ್ಯಾಕನ್ನು ತಟ್ಟನೆ ತುರುಕಬೇಡಿ. ಒಂದು ಹಾಳೆಯ ದುಡ್ಡಿನಲ್ಲಿ ಹೊಟ್ಟೆ ತುಂಬ ಒಂದು ಊಟ ಆಗುತ್ತದೆ. ಖಾಲಿಯಾದ ಪ್ಯಾಕ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಎಂಟು ಹಾಳೆ ಮುಗಿದ ಮೇಲೂ ಅದರ ಬ್ಯಾಟರಿಯಲ್ಲಿ ಸ್ವಲ್ಪ ಜೀವ ಉಳಿದಿರುತ್ತದೆ. ಅದನ್ನು ಹಾಕಿ ಬಾಗಿಲು ಮುಚ್ಚಿ, ಗುಂಡಿ ಒತ್ತಿ. ಶಟರ್ ಬಡಿದು ಮೋಟರು ಗುರ್ ಎಂದರೆ ಕ್ಯಾಮೆರಾ ಬದುಕಿದೆ. ಇದೇ ಕಾರಣಕ್ಕೆ ನಾನು ಖಾಲಿ ಪ್ಯಾಕ್ ಎಸೆಯುವುದಿಲ್ಲ. ಅಂಗಡಿಗೆ ಕ್ಯಾಮೆರಾ ತಂದವರಿಗೆ ಅಲ್ಲೇ ಹಾಕಿ ತೋರಿಸುತ್ತೇನೆ.

ಮೋಟರು ಸುಮ್ಮನಿದ್ದರೆ ಪ್ಯಾಕ್ ಕೂರುವ ಜಾಗದಲ್ಲಿರುವ ಎರಡು ಲೋಹದ ಪಟ್ಟಿ ನೋಡಿ. ಉಪ್ಪು ಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಒಳಗೆ ಹಳೆ ಕಾಲದ ಪ್ಯಾಕ್ ಇದ್ದರೆ ಹೊರಗೆ ತೆಗೆಯಿರಿ, ಆದರೆ ಹಾಳೆಗಳನ್ನು ಬಿಡಿಸಿ ನೋಡುವ ಆಸೆ ಬೇಡ. ಒಳಗಿನ ಪೇಸ್ಟು ಕ್ಷಾರ, ಚರ್ಮ ಸುಡುತ್ತದೆ. ಕೈಗೆ ತಾಗಿದರೆ ಕೂಡಲೇ ಜಾಸ್ತಿ ನೀರಲ್ಲಿ ತೊಳೆಯಿರಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ರೋಲರ್‌ಗಳು. ಬಾಗಿಲಿನ ಒಳಭಾಗದಲ್ಲಿ ಎರಡು ತೆಳು ಉರುಳೆ ಒಂದರ ಮೇಲೊಂದು ಇರುತ್ತವೆ. ಇಡೀ ಕ್ಯಾಮೆರಾದಲ್ಲಿ ಇದಕ್ಕಿಂತ ಮುಖ್ಯವಾದ ಜಾಗ ಇಲ್ಲ. ಪ್ರತಿ ಹಾಳೆಯ ಕೆಳಗಿನ ಅಗಲದ ಬಿಳಿ ಅಂಚಿನೊಳಗೆ ಪೇಸ್ಟಿನ ಸಣ್ಣ ಚೀಲ ಇರುತ್ತದೆ. ಹಾಳೆ ಹೊರಬರುವಾಗ ಈ ಉರುಳೆಗಳು ಆ ಚೀಲವನ್ನು ಒಡೆದು ಪೇಸ್ಟನ್ನು ಹಾಳೆಯ ಪದರಗಳ ನಡುವೆ ಒಂದೇ ಸಮನಾಗಿ ಹರಡಬೇಕು. ಅಲ್ಲೇ ಡಾರ್ಕ್‌ರೂಮಿನ ಇಡೀ ಕೆಲಸ ಆಗುವುದು. ಉರುಳೆಯ ಮೇಲೆ ಒಣಗಿದ ಪೇಸ್ಟಿನ ಒಂದು ಕಣ ಇದ್ದರೂ ಅದು ಪ್ರತಿ ಸುತ್ತಿಗೆ ಒಮ್ಮೆ ಒತ್ತುತ್ತದೆ. ಚಿತ್ರದ ಮೇಲೆ ಒಂದೇ ಅಂತರದಲ್ಲಿ ಸಾಲಾಗಿ ಚುಕ್ಕೆ ಬಂದರೆ ಕಾರಣ ಇದೇ. ನೂಲು ಬಿಡದ ಬಟ್ಟೆಯನ್ನು ನೀರಲ್ಲಿ ಸ್ವಲ್ಪ ಒದ್ದೆ ಮಾಡಿ, ಉರುಳೆಯನ್ನು ಬೆರಳಿಂದ ತಿರುಗಿಸುತ್ತಾ ಉದ್ದಕ್ಕೂ ಒರೆಸಿ. ಉಗುರು, ಚಾಕು ತಾಗಿಸಬೇಡಿ. ಒಣಗಿದ ಮೇಲೆ ಬಾಗಿಲು ಮುಚ್ಚಿ. ಪ್ರತಿ ಪ್ಯಾಕ್ ಬದಲಾಯಿಸುವಾಗಲೂ ಇದನ್ನು ಮಾಡಿ.

ಕೊನೆಗೆ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಬಿಳಿ ಗೆರೆ ಕಂಡರೆ ಅದು ಫಂಗಸ್. ನಮ್ಮ ಮಳೆಗಾಲದ ಕಾಟ. ಹೊರಮೈಯಲ್ಲಿದ್ದರೆ ಒರೆಸಬಹುದು. ಒಳಗೆ ಹರಡಿದ್ದರೆ ಚಿತ್ರ ಮಸುಕಾಗಿಯೇ ಬರುತ್ತದೆ. ಅಂಥದ್ದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ.

ಸೆಖೆ

ಫಿಲ್ಮ್ ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು ಇರುತ್ತದೆ. ಅಲ್ಲಿಂದ ಒಂದು ವರ್ಷದೊಳಗೆ ಬಳಸಬೇಕು. ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದು. ಎರಡನೆಯದು, ಅಂಗಡಿಯವರು ಅದನ್ನು ಎಲ್ಲಿ ಇಟ್ಟಿದ್ದಾರೆ ಎಂಬುದು. ಬಿಸಿಲು ಬೀಳುವ ಗಾಜಿನ ಷೋಕೇಸಿನಲ್ಲಿ ಬೇಸಿಗೆ ಕಳೆದ ಪ್ಯಾಕ್ ಹೊಸದಾಗಿದ್ದರೂ ಬೇಡ. ಗಲ್ಫ್‌ನಲ್ಲಿರುವ ನೆಂಟರಿಂದ ತರಿಸುವುದಾದರೆ ಕೈಚೀಲದಲ್ಲೇ ತರಲು ಹೇಳಿ. ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನ ಎಕ್ಸ್-ರೇ ಜೋರು, ಫಿಲ್ಮ್ ಕೆಡುತ್ತದೆ. ಕೈಯಿಂದಲೇ ತಪಾಸಣೆ ಮಾಡಿ ಎಂದು ಭದ್ರತೆಯವರನ್ನು ವಿನಯದಿಂದ ಕೇಳಿಕೊಳ್ಳಬಹುದು.

ಮನೆಗೆ ಬಂದ ಕೂಡಲೇ ಪ್ಯಾಕನ್ನು ಫ್ರಿಜ್ಜಿನಲ್ಲಿ ಇಡಿ. 4ರಿಂದ 18 ಡಿಗ್ರಿ ಸರಿಯಾದ ತಂಪು. ತರಕಾರಿ ಇಡುವ ಟ್ರೇ ಒಳ್ಳೆಯ ಜಾಗ. ಫ್ರೀಜರ್ ಬೇಡವೇ ಬೇಡ, ಪೇಸ್ಟು ಹೆಪ್ಪುಗಟ್ಟಿದರೆ ಹಾಳೆ ಕೆಟ್ಟಿತು. ಪೆಟ್ಟಿಗೆ ಚಪ್ಪಟೆಯಾಗಿ ಮಲಗಿರಲಿ, ಮೇಲೆ ಹಾಲಿನ ಪಾತ್ರೆ ಹೇರಬೇಡಿ.

ಬಳಸುವ ದಿನ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ, ಆದರೆ ಬೆಳ್ಳಿ ಬಣ್ಣದ ಒಳಕವರನ್ನು ಹರಿಯಬೇಡಿ. ತಣ್ಣಗಿನ ಪ್ಯಾಕನ್ನು ನಮ್ಮ ತೇವದ ಗಾಳಿಗೆ ಬಿಚ್ಚಿಟ್ಟರೆ ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿಯ ಹಾಗೆ ಮೈಯೆಲ್ಲ ಬೆವರುತ್ತದೆ. ಆ ನೀರು ಹಾಳೆಗೂ ಬ್ಯಾಟರಿಗೂ ಒಳ್ಳೆಯದಲ್ಲ. ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ.

ಹೊರಗೆ ಒಯ್ಯಲು ನನ್ನ ಏರ್ಪಾಟು ಹೀಗಿದೆ. ಊಟ ಬಿಸಿ ಇಡುವ ಥರ್ಮಲ್ ಚೀಲ ಒಂದು. ಅದರ ತಳದಲ್ಲಿ ಜೆಲ್ ಐಸ್ ಪ್ಯಾಕ್, ಅದನ್ನು ಬೈರಾಸಿನಲ್ಲಿ ಎರಡು ಸುತ್ತು ಸುತ್ತಿರುತ್ತೇನೆ. ಅದರ ಮೇಲೆ ಫಿಲ್ಮ್ ಮತ್ತು ಒಂದು ಖಾಲಿ ಸ್ಟೀಲ್ ಡಬ್ಬಿ. ಡಬ್ಬಿ ಯಾಕೆ ಎಂದು ಮುಂದೆ ಹೇಳುತ್ತೇನೆ. ಐಸ್ ನೇರವಾಗಿ ತಾಗಬಾರದು, 13 ಡಿಗ್ರಿಗಿಂತ ಕೆಳಗೆ ಹೋದರೆ ಚಿತ್ರ ಪೇಲವವಾಗಿ ನೀಲಿ ಹೊಡೆಯುತ್ತದೆ. ಕ್ಯಾಮೆರಾವನ್ನೂ ನೆರಳಲ್ಲಿ ಇಡಿ. ಫಿಲ್ಮ್ ಅದರ ಹೊಟ್ಟೆಯಲ್ಲೇ ಇದೆಯಲ್ಲ. ಕಪ್ಪು ಪ್ಲಾಸ್ಟಿಕ್ ಬಿಸಿಲಲ್ಲಿ ಹತ್ತು ನಿಮಿಷಕ್ಕೇ ಕಾಯುತ್ತದೆ. ಸ್ಕೂಟರಿನ ಡಿಕ್ಕಿಯಂತೂ ಒಲೆಯೇ ಸರಿ, ಕೆಳಗೆ ಎಂಜಿನ್ ಇರುತ್ತದೆ. ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡೂ ಬೇಡ. ನಡೆದಾಡುವಾಗ ಕ್ಯಾಮೆರಾದ ಮೇಲೆ ಬಿಳಿ ಬಟ್ಟೆ ಹೊದಿಸಿಕೊಳ್ಳಿ.

ಬಿಸಿಯಾದ ಫಿಲ್ಮ್ ಏನು ಮಾಡುತ್ತದೆ? ಪೇಸ್ಟು ಬೇಗ ಬೇಗ ಕೆಲಸ ಮಾಡಿಬಿಡುತ್ತದೆ, ಬಣ್ಣಗಳ ಲೆಕ್ಕ ತಪ್ಪುತ್ತದೆ. ಇಡೀ ಚಿತ್ರ ಹಳದಿಗೆ, ಕೆಂಪಿಗೆ ತಿರುಗುತ್ತದೆ. ಕೆಲವರು ಅದನ್ನೇ ಹಳೆ ಕಾಲದ ಅಂದ ಎನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಮಲ್ಪೆಯ ಸಮುದ್ರ ಹಸಿರು ನೀಲಿ ಇರುವಾಗ ಅದು ಚಿತ್ರದಲ್ಲೂ ಹಸಿರು ನೀಲಿಯಾಗಿಯೇ ಬರಬೇಕು.

ತಿಂಗಳನ್ನೂ ನೋಡಿ ಆರಿಸಿಕೊಳ್ಳಿ. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮಲ್ಲಿ 21, 22 ಡಿಗ್ರಿ ಇರುತ್ತದೆ. ಈ ಫಿಲ್ಮಿಗೆ ಅದಕ್ಕಿಂತ ಒಳ್ಳೆಯ ಹವೆ ಬೇಡ. ಏಳರಿಂದ ಒಂಬತ್ತರ ಒಳಗೆ ಕೆಲಸ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯೊಳಗೆ ಫ್ಯಾನಿನ ಕೆಳಗೆ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಮಳೆಗಾಲದಲ್ಲಿ ಹವೆ ತಂಪಾಗಿದ್ದರೂ ಬೆಳಕು ಕಡಿಮೆ, ತೇವ ಜಾಸ್ತಿ. ಆಗ 600 ಮಾತ್ರ.

ಬೆಳಕು, ದೂರ, ಚಕ್ರ

ಪ್ಯಾಕ್ ಹಾಕುವಾಗ ಅಂಚುಗಳನ್ನು ಮಾತ್ರ ಹಿಡಿಯಿರಿ, ನಡುವೆ ಒತ್ತಬೇಡಿ. ಬಾಗಿಲು ಮುಚ್ಚಿದ ಕೂಡಲೇ ಕಪ್ಪು ರಟ್ಟಿನ ಹಾಳೆ ತಾನಾಗಿ ಹೊರಬರಬೇಕು. ಬಂದರೆ ಎಲ್ಲ ಸರಿ ಇದೆ. ಆಮೇಲೆ ಪ್ಯಾಕ್ ಮುಗಿಯುವ ತನಕ ಬಾಗಿಲು ತೆರೆಯಬೇಡಿ. ತೆರೆದರೆ ಮೇಲಿನ ಹಾಳೆ ಹೋಯಿತು ಎಂದೇ ಲೆಕ್ಕ.

ಈ ಫಿಲ್ಮಿಗೆ ಬೆಳಕು ಬೇಕು, ಆದರೆ ಬೆಳಕು ನೆರಳಿನ ದೊಡ್ಡ ಅಂತರ ತಡೆಯುವುದಿಲ್ಲ. ಮೊಬೈಲ್ ಕ್ಯಾಮೆರಾ ಎರಡನ್ನೂ ತೋರಿಸುತ್ತದೆ, ಇದು ಒಂದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಸೂರ್ಯ ನಿಮ್ಮ ಹೆಗಲ ಹಿಂದೆ ಇರಲಿ. ಕಾಪು ದೀಪಸ್ತಂಭದ ಬಂಡೆಯ ಮೇಲೆ ಮನೆಯವರನ್ನು ನಿಲ್ಲಿಸಿ, ಹಿಂದೆ ಮುಳುಗುವ ಸೂರ್ಯ ಬರಲಿ ಎಂದು ಎಲ್ಲರಿಗೂ ಆಸೆ. ಪೊಲರಾಯ್ಡಿನಲ್ಲಿ ಹಾಗೆ ತೆಗೆದರೆ ಮುಖಗಳು ಕಪ್ಪು. ಬದಲಿಗೆ ಬೆಳಗ್ಗೆ ಹೋಗಿ. ಸೂರ್ಯ ಊರಿನ ಕಡೆಯಿಂದ ಬರುತ್ತಾನೆ, 1901ರ ಆ ದೀಪಸ್ತಂಭದ ಮೈಯೂ ಸಮುದ್ರವೂ ಎರಡೂ ಬೆಳಗುತ್ತವೆ.

ಲೆನ್ಸಿನ ಪಕ್ಕ ಒಂದು ಚಕ್ರವೋ ಜಾರುಗುಂಡಿಯೋ ಇರುತ್ತದೆ, ಒಂದು ತುದಿ ಬಿಳಿ, ಒಂದು ತುದಿ ಕಪ್ಪು. ಕ್ಯಾಮೆರಾದ ಕಣ್ಣು ಎದುರಿಗೆ ಕಂಡದ್ದನ್ನೆಲ್ಲ ಮಧ್ಯಮ ಬೂದು ಎಂದುಕೊಂಡು ಬೆಳಕು ಅಳೆಯುತ್ತದೆ. ಬಿಳಿ ಪಂಚೆ ಉಟ್ಟವರ ಗುಂಪು, ಸುಣ್ಣ ಬಳಿದ ಗೋಡೆ, ಬಿಳಿ ಮರಳು ಇದ್ದರೆ ಅದು ಮೋಸ ಹೋಗಿ ಚಿತ್ರವನ್ನು ಕಪ್ಪು ಮಾಡುತ್ತದೆ. ಚಕ್ರವನ್ನು ಬಿಳಿಯ ಕಡೆಗೆ ಸ್ವಲ್ಪ ತಿರುಗಿಸಿ. ಸೇಂಟ್ ಮೇರಿಸ್ ದ್ವೀಪದ ಕಪ್ಪು ಕಲ್ಲಿನ ಕಂಬಗಳು, ಮಳೆಯಲ್ಲಿ ನೆನೆದ ಮುರಕಲ್ಲಿನ ಗೋಡೆ, ದಟ್ಟ ಅಡಕೆ ತೋಟ ಇದ್ದರೆ ಕಪ್ಪಿನ ಕಡೆಗೆ. ಇಲ್ಲವಾದರೆ ಕಲ್ಲು ಬೂದಿಯಂತೆ ಬೆಳ್ಳಗಾಗುತ್ತದೆ. ಎಷ್ಟು ತಿರುಗಿಸಬೇಕು ಎಂಬುದು ಪ್ರತಿ ಹಳೆ ಕ್ಯಾಮೆರಾದಲ್ಲೂ ಬೇರೆ. ಮೊದಲ ಪ್ಯಾಕಿನ ಚಿತ್ರಗಳ ಹಿಂದೆ ಚಕ್ರ ಎಲ್ಲಿತ್ತು, ಗಂಟೆ ಎಷ್ಟು ಎಂದು ಪೆನ್ಸಿಲಿನಲ್ಲಿ ಮೃದುವಾಗಿ ಬರೆದಿಡಿ. ಎರಡನೇ ಪ್ಯಾಕಿಗೆ ನಿಮ್ಮ ಕ್ಯಾಮೆರಾದ ಸ್ವಭಾವ ಗೊತ್ತಾಗಿರುತ್ತದೆ.

ಪ್ಲಾಸ್ಟಿಕ್ ಡಬ್ಬದ 600 ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳಿಗೆ ಫೋಕಸ್ ಮಾಡುವ ವ್ಯವಸ್ಥೆ ಇಲ್ಲ. ಸುಮಾರು 1.2 ಮೀಟರಿನಿಂದ ಆಚೆ ಇದ್ದದ್ದೆಲ್ಲ ಸ್ಪಷ್ಟ. ಅದಕ್ಕಿಂತ ಹತ್ತಿರ ಹೋಗಬೇಕಾದರೆ ಕ್ಲೋಸ್-ಅಪ್ ಲೆನ್ಸ್ ಇರುವ ಮಾಡೆಲ್ ಬೇಕು, ಅದು 60 ಸೆಂಟಿಮೀಟರ್ ತನಕ ಬಿಡುತ್ತದೆ. ಇನ್ನೊಂದು ಮಾತು. ಇದರ ನೋಡುವ ಕಿಂಡಿ ಲೆನ್ಸಿನ ಪಕ್ಕದಲ್ಲಿದೆ. ಹತ್ತಿರದಿಂದ ತೆಗೆಯುವಾಗ ಕಿಂಡಿಯಲ್ಲಿ ಕಂಡದ್ದು ಒಂದು, ಹಾಳೆಗೆ ಬೀಳುವುದು ಸ್ವಲ್ಪ ಪಕ್ಕಕ್ಕೆ. ತಲೆಯ ಸುತ್ತ ಜಾಗ ಬಿಟ್ಟುಕೊಳ್ಳಿ.

ಫ್ಲ್ಯಾಶ್ ಮೂರು ಮೀಟರಿನ ಆಚೆ ಕೈಕೊಡುತ್ತದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೆನಿ ಬರೆದ ಮಾಡಿನ ಚಿತ್ರಗಳು ಇದರಿಂದ ಬರುವುದಿಲ್ಲ. ಅಂಥ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ, ಕಣ್ತುಂಬ ನೋಡಿ ಬನ್ನಿ. ಫ್ಲ್ಯಾಶ್ ಚಾರ್ಜ್ ಆದ ದೀಪ ಹತ್ತುವ ತನಕ ಕಾಯಿರಿ. ಎಸ್‌ಎಕ್ಸ್-70ರಲ್ಲಿ ಒಳಗೇ ಕೂರಿಸಿದ ಫ್ಲ್ಯಾಶ್ ಇಲ್ಲ. ಬೆಳಕು ಕಮ್ಮಿಯಾದರೆ ಶಟರ್ ಸೆಕೆಂಡುಗಟ್ಟಲೆ ತೆರೆದಿರುತ್ತದೆ, ಕೈಯಲ್ಲಿ ಹಿಡಿದರೆ ಅಲುಗಾಡಿ ಹೋಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಜಗಲಿಯ ಕಟ್ಟೆಯ ಮೇಲೆ ಇಟ್ಟು ಒತ್ತಿ.

ನನಗೆ ಈ ಕ್ಯಾಮೆರಾ ಹಿಡಿದು ಹೋಗಲು ಎಲ್ಲಕ್ಕಿಂತ ಇಷ್ಟದ ಜಾಗ ಯಕ್ಷಗಾನದ ಚೌಕಿ, ವೇಷ ಕಟ್ಟುವ ಜಾಗ. ಬಣ್ಣದ ವೇಷದವರು ಕನ್ನಡಿ ಹಿಡಿದು ಅಕ್ಕಿಹಿಟ್ಟಿನ ಚಿಟ್ಟಿ, ಅಂದರೆ ಮುಖದ ಮೇಲಿನ ಬಿಳಿ ಮುಳ್ಳುಗಳನ್ನು, ಒಂದೊಂದೇ ಇಡುತ್ತಾ ಕೂತಿರುತ್ತಾರೆ. ಗಂಟೆಗಟ್ಟಲೆಯ ಕೆಲಸ, ಅವರು ಅಲುಗಾಡುವುದಿಲ್ಲ. ಫೋಟೊಕ್ಕೆ ಅದಕ್ಕಿಂತ ಒಳ್ಳೆಯವರು ಯಾರು? ಮೊದಲು ಕೇಳಬೇಕು. "ಅಣ್ಣ, ಒಂದು ಫೋಟೊ ತೆಗೆಯಲಾ? ಈಗಲೇ ಕೈಗೆ ಬರುತ್ತದೆ" ಎಂದರೆ ಹೆಚ್ಚಿನವರು ನಗುತ್ತಾ ಒಪ್ಪುತ್ತಾರೆ. ಚೌಕಿಯ ಹಳದಿ ಬಲ್ಬು ಮಾತ್ರ ಸಾಲದು. ಈ ಫಿಲ್ಮನ್ನು ಹಗಲಿನ ಬೆಳಕಿಗೆ ಮಾಡಿರುವುದು, ಬಲ್ಬಿನಲ್ಲಿ ಎಲ್ಲ ಕಿತ್ತಳೆ ಬಣ್ಣಕ್ಕೆ ಹೋಗುತ್ತದೆ. 600ರಲ್ಲಿ ಫ್ಲ್ಯಾಶ್ ಹಾಕಿ, ಒಂದೂವರೆ ಮೀಟರ್ ದೂರ ನಿಲ್ಲಿ, ಚಕ್ರ ಒಂದು ಗುರುತು ಕಪ್ಪಿನ ಕಡೆಗೆ ಇರಲಿ. ಇಲ್ಲವಾದರೆ ಬಿಳಿ ಚಿಟ್ಟಿಯ ಮುಳ್ಳುಗಳು ಒಂದಕ್ಕೊಂದು ಸೇರಿ ಬೆಳ್ಳನೆ ಮುದ್ದೆಯಾಗುತ್ತವೆ. ಸರಿಯಾಗಿ ಬಂದರೆ ಒಂದೊಂದು ಮುಳ್ಳೂ ಎಣಿಸಲು ಸಿಗುತ್ತದೆ. ಎರಡು ತೆಗೆದು ಒಂದನ್ನು ಅವರಿಗೇ ಕೊಡಿ. ಈ ಕ್ಯಾಮೆರಾ ಹಿಡಿದು ಹೋದವರು ಅಷ್ಟಾದರೂ ಮಾಡಬೇಕು.

ಹಾಳೆ ಹೊರಬಂದ ಮೇಲೆ

ಹೊರಬರುವ ಕಿಂಡಿಗೆ ಬೆರಳು ಅಡ್ಡ ಬರಬಾರದು. ಬಂದರೆ ಪೇಸ್ಟು ಸಮನಾಗಿ ಹರಡುವುದಿಲ್ಲ. ಹೊರಬಂದ ಮೊದಲ ಕೆಲವು ಸೆಕೆಂಡು ಬಹಳ ನಾಜೂಕಿನದು. ಪೇಸ್ಟಿನಲ್ಲಿ ಬೆಳಕು ತಡೆಯುವ ಬಣ್ಣವೊಂದು ಇರುತ್ತದೆ, ಚಿತ್ರ ಮೂಡಿದಂತೆ ಅದು ತಿಳಿಯಾಗುತ್ತದೆ. ಹೊಸ ಫಿಲ್ಮಿನಲ್ಲಿ ಆ ಕಾವಲು ಪೂರ್ತಿ ಗಟ್ಟಿಯಲ್ಲ. ಹಾಗಾಗಿ ಹಳೆ ಕ್ಯಾಮೆರಾದ ಬಾಯಿಗೆ ಸಿಕ್ಕಿಸುವ ಫಿಲ್ಮ್ ಶೀಲ್ಡ್ ಒಂದು ಕೊಂಡುಕೊಳ್ಳಿ. ಹಾಳೆ ಹೊರಬರುವಾಗ ಕಪ್ಪು ನಾಲಿಗೆ ಅದರ ಮೇಲೆ ಹೊದಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಐದು ಸೆಕೆಂಡು ಹಾಗೇ ಬಿಡಿ. ಆಮೇಲೆ ಬಿಳಿ ಅಂಚಿನಲ್ಲಿ ಹಿಡಿದು, ಮಗುಚಿ, ಸ್ಟೀಲ್ ಡಬ್ಬಿಯೊಳಗೆ ಚಿತ್ರ ಕೆಳಗೆ ಬರುವಂತೆ ಮಲಗಿಸಿ, ಮುಚ್ಚಳ ಹಾಕಿ, ಥರ್ಮಲ್ ಚೀಲದಲ್ಲಿ ಇಡಿ. ಡಬ್ಬಿ ತಂದದ್ದು ಇದಕ್ಕೇ. ಬಣ್ಣದ ಫಿಲ್ಮಿಗೆ 10ರಿಂದ 15 ನಿಮಿಷ, ಕಪ್ಪು ಬಿಳುಪಿಗೆ 5ರಿಂದ 10. ಫಿಲ್ಮ್ ತಂಪಾಗಿರಬೇಕು ಎಂಬ ಮಾತು ಈ ಹೊತ್ತಿಗೂ ಅನ್ವಯ. ತೆಗೆಯುವಾಗ ತಂಪಿದ್ದು, ಮೂಡುವಾಗ ಬಿಸಿಲಲ್ಲಿ ಇಟ್ಟರೆ ಹಳದಿ ಬಂದೇ ಬರುತ್ತದೆ. ಚಳಿ ದೇಶದವರು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಿ ಎನ್ನುತ್ತಾರೆ. ನಮ್ಮ ಬೆವರಿನ ಜೇಬು ಅದಕ್ಕೆ ತಕ್ಕದ್ದಲ್ಲ.

ಅಲುಗಾಡಿಸಬೇಡಿ. ಹಿಂದಿನ ಸಿಪ್ಪೆ ಸುಲಿಯುವ ಫೋಟೊ ಒದ್ದೆ ಇರುತ್ತಿತ್ತು, ಜನ ಬೀಸಿ ಒಣಗಿಸುತ್ತಿದ್ದರು. ಇದರಲ್ಲಿ ಒದ್ದೆ ಎಲ್ಲ ಪದರಗಳ ಒಳಗೆ. ಬಗ್ಗಿಸಿ ಬೀಸಿದರೆ ಪದರ ಬಿಟ್ಟು ಗೆರೆ ಬೀಳುತ್ತದೆ.

ಇಷ್ಟೆಲ್ಲ ಯಾರಿಗೆ ಬೇಕು, ಹುಟ್ಟುಹಬ್ಬಕ್ಕೆ ನಾಲ್ಕು ಫೋಟೊ ಸಾಕು ಎನ್ನುವವರಿಗೆ ಫ್ಯೂಜಿಯ ಇನ್‌ಸ್ಟಾಕ್ಸ್ ಇದೆ. ಅದು 5ರಿಂದ 40 ಡಿಗ್ರಿ ತನಕ ತಡೆಯುತ್ತದೆ, ಪ್ಯಾಕಿಗೆ 10 ಹಾಳೆ, ನಮ್ಮ ಪೇಟೆಯಲ್ಲೂ ಸುಲಭವಾಗಿ ಸಿಗುತ್ತದೆ. ಅದನ್ನು ಹಳೆ ಪೊಲರಾಯ್ಡಿಗೆ ಹಾಕಲು ಬರುವುದಿಲ್ಲ. ಪೊಲರಾಯ್ಡ್ ಹಾಳೆಗೆ ಬೆಳಕು ನಾವು ನೋಡುವ ಮುಖದಿಂದಲೇ ಬೀಳುತ್ತದೆ, ಇನ್‌ಸ್ಟಾಕ್ಸ್ ಹಾಳೆಗೆ ಬೆನ್ನಿನಿಂದ. ಆದರೆ ಗ್ರ್ಯಾಫ್ಲಾಕ್ ಎಂಬ, ಬೇರೆ ಬೇರೆ ಫಿಲ್ಮ್ ಹಿಡಿಕೆ ಕೂರಿಸಬಹುದಾದ ಬೆನ್ನಿರುವ 4×5 ಇಂಚಿನ ಹಳೆ ದೊಡ್ಡ ಕ್ಯಾಮೆರಾ ಇದ್ದರೆ, ಇನ್‌ಸ್ಟಾಕ್ಸ್ ವೈಡ್ ಹಾಳೆ ಹಿಡಿಯುವ ಬೆನ್ನನ್ನು ಲೊಮೊಗ್ರಫಿ ಕಂಪನಿ ಮಾಡಿದೆ.

ಇಟ್ಟುಕೊಳ್ಳುವುದು

ಇದು ನನ್ನ ಕಸುಬಿನ ಮಾತು. ಅಂಗಡಿಗೆ ಬರುವ ಹಳೆ ಪೊಲರಾಯ್ಡ್ ಚಿತ್ರಗಳಲ್ಲಿ ಎಷ್ಟೋ ಗಾಜಿಗೆ ಅಂಟಿಕೊಂಡೇ ಬರುತ್ತವೆ. ಬಿಡಿಸಲು ಹೋದರೆ ಮುಖದ ಅರ್ಧ ಗಾಜಿನಲ್ಲೇ ಉಳಿಯುತ್ತದೆ. ತೇವದ ಊರಿನಲ್ಲಿ ಚಿತ್ರವನ್ನು ಗಾಜಿಗೆ ಒತ್ತಿ ಕೂರಿಸಿದ್ದರ ಫಲ ಅದು.

ಹೊಸ ಚಿತ್ರದ ಒಳಗಿನ ತೇವ ಆರಲು ಸುಮಾರು ಒಂದು ತಿಂಗಳು ಬೇಕು. ಆ ತನಕ ಪ್ಲಾಸ್ಟಿಕ್ ಕವರಿನ ಆಲ್ಬಮ್ಮಿಗೆ ತುರುಕಬೇಡಿ, ಲ್ಯಾಮಿನೇಷನ್ ಯಾವತ್ತಿಗೂ ಬೇಡ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕತ್ತಲೆಯಲ್ಲಿ ಇಡಿ. ಮಳೆಗಾಲವಾದರೆ ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಕ್ಯಾಮೆರಾವನ್ನೂ ಚರ್ಮದ ಚೀಲದಿಂದ ತೆಗೆದು, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಬದಲಿಸಿ. ಅಕ್ಕಿ ಡಬ್ಬದಲ್ಲಿ ಹುಗಿದಿಡುವವರನ್ನು ನೋಡಿದ್ದೇನೆ, ಅಕ್ಕಿಯ ಧೂಳು ಲೆನ್ಸಿಗೂ ಉರುಳೆಗೂ ಹೋಗುತ್ತದೆ.

ಫ್ರೇಮ್ ಹಾಕಿಸುವಾಗ ಅಂಗಡಿಯವರಿಗೆ ಮೌಂಟ್ ಬೋರ್ಡ್, ಅಂದರೆ ನಡುವೆ ಕಿಟಕಿ ಕೊರೆದ ದಪ್ಪ ರಟ್ಟು, ಹಾಕಲು ಹೇಳಿ. ಇಡೀ ಹಾಳೆ 88×107 ಮಿಲಿಮೀಟರ್, ಒಳಗಿನ ಚಿತ್ರ ಹೆಚ್ಚುಕಡಿಮೆ 79 ಮಿಲಿಮೀಟರಿನ ಚೌಕ. ಬಿಳಿ ಅಂಚೂ ಕಾಣುವಂತೆ ಕಿಟಕಿ ಕೊರೆಸಿ, ಅಂಚು ಇದ್ದರೇನೇ ಅದಕ್ಕೆ ಲಕ್ಷಣ. ಬೋರ್ಡಿನ ದಪ್ಪದಿಂದ ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಉಳಿಯಬೇಕು. ಅಂಟು ಹಚ್ಚಿ ಕೂರಿಸಬೇಡಿ, ನಾಲ್ಕು ಮೂಲೆಗೆ ಕಾಗದದ ಕಾರ್ನರ್ ಸಾಕು. ಹಿಂದಿನ ಹಾರ್ಡ್‌ಬೋರ್ಡಿನ ಸುತ್ತ ಟೇಪ್ ಸುತ್ತಿಸಿ, ಮಳೆಗಾಲದ ಹುಳ ಒಳಗೆ ಹೋಗದಿರಲಿ. ತೂಗುಹಾಕುವಾಗ ಹೊರಗೋಡೆ ಬೇಡ, ಮಳೆಗಾಲದಲ್ಲಿ ಅದು ನೀರು ಕುಡಿದಿರುತ್ತದೆ. ಎರಡು ಕೋಣೆಯ ನಡುವಿನ ಗೋಡೆ, ನೇರ ಬಿಸಿಲು ಬೀಳದ ಕಡೆ, ಹಿಂದೆ ಮೂಲೆಗಳಿಗೆ ಸಣ್ಣ ರಬ್ಬರ್ ಬುಷ್ ಅಂಟಿಸಿದರೆ ಗಾಳಿಯೂ ಆಡುತ್ತದೆ.